ಶ್ಯಾವಿಗೆ ಮಷೀನಿಗೆ ಒಂದು ಕಂಟ್ರೋಲು

ನಾನು ಜೀವಮಾನದಲ್ಲಿ ರಿಪೇರಿ ಮಾಡಿದ್ದು ಒಂದೇ ಒಂದು ಯಂತ್ರ. ಅದನ್ನೂ ರಿಪೇರಿ ಮಾಡಿದ್ದು ಅದು ಮೊದಲಿಗಿಂತ ನಿಧಾನವಾಗಿ ಕೆಲಸ ಮಾಡಲಿ ಎಂದು. ಲೋಕದ ಜನವೆಲ್ಲ ಯಂತ್ರಗಳನ್ನು ಚುರುಕುಗೊಳಿಸಲು ತಲೆ ಕೆಡಿಸಿಕೊಂಡಿರುವಾಗ, ಸಿಂಧನೂರಿನ ಒಬ್ಬ ವಿಜ್ಞಾನದ ಮಾಸ್ತರ ಲಿಂಗಸುಗೂರು, ಮಸ್ಕಿ ಎಂದು ಬಸ್ಸು ಹತ್ತಿ ಇಳಿದು ನಿಧಾನವನ್ನು ಹುಡುಕಿಕೊಂಡು ತಿರುಗಿದ ಎಂದರೆ ನೀವು ನಗುತ್ತೀರಿ. ಧಾರಾಳವಾಗಿ ನಗಿ. ಆಗ ನನ್ನನ್ನು ನೋಡಿ ನಗುವುದಕ್ಕಾದರೂ ಮನೆಯಲ್ಲಿ ಯಾರೂ ಇರಲಿಲ್ಲ ಎಂಬುದೇ ನನ್ನ ತೊಂದರೆಯಾಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಓಣಿಯಲ್ಲಿ ಆಗ ಟೀವಿ ಇಲ್ಲದ ಮನೆ ಕಡಿಮೆ, ಬಟ್ಟೆ ಒಗೆಯುವ ಯಂತ್ರ ಇದ್ದ ಮನೆ ನಮ್ಮದೊಂದೇ. ಜಂಬಕ್ಕೆ ಹೇಳುತ್ತಿಲ್ಲ. ಪರಿಚಯದ ಎಂಜಿನಿಯರೊಬ್ಬರು ವರ್ಗವಾಗಿ ಹೊರಟಾಗ, ಸಾಮಾನು ಲಾರಿಗೆ ಹೇರಲು ಬಂದ ನಾಲ್ಕು ಮಂದಿ ಆ ಯಂತ್ರವನ್ನು ಒಮ್ಮೆ ಎತ್ತಿ ನೋಡಿ, ಕೆಳಗಿಟ್ಟು, ಬೀಡಿ ಹಚ್ಚಿ ಕೂತುಬಿಟ್ಟರು. ತಿರುಗುವಾಗ ಕುಣಿಯದಿರಲಿ ಎಂದು ಹೊಟ್ಟೆಯಲ್ಲಿ ಕಾಂಕ್ರೀಟಿನ ದಿಮ್ಮಿ ಇಟ್ಟುಕೊಂಡ ಯಂತ್ರ ಅದು. ಎಂಜಿನಿಯರರು ನನ್ನ ಮುಖ ನೋಡಿದರು. ನನ್ನ ಹೆಂಡತಿ ಅಮರಮ್ಮನಿಗೆ ಆಗಷ್ಟೇ ಮಣಿಕಟ್ಟಿನ ನೋವು ಶುರುವಾಗಿತ್ತು; ಬಟ್ಟೆ ಹಿಂಡುವಾಗ ಹಲ್ಲು ಕಚ್ಚುತ್ತಿದ್ದಳು. ಹೀಗಾಗಿ ಅದು ಲಾರಿ ಹತ್ತದೆ ನಮ್ಮ ಬಚ್ಚಲ ಪಕ್ಕಕ್ಕೆ ಬಂತು.

ಅದು ಒಗೆದದ್ದು ಮೂರೇ ತಿಂಗಳು. ನಮ್ಮ ಬೋರಿನ ಸವುಳು ನೀರು ಅದರ ಹೊಟ್ಟೆಗೆ ಹಿಡಿಸಲಿಲ್ಲ, ಏರಿಳಿಯುವ ಕರೆಂಟು ಅದರ ತಲೆಗೆ ಹಿಡಿಸಲಿಲ್ಲ. ಒಂದು ದಿನ ಸುಟ್ಟ ವಾಸನೆ ಬಂದು, ನನ್ನ ಎರಡು ಅಂಗಿಗಳನ್ನು ಒಳಗೇ ಇಟ್ಟುಕೊಂಡು ನಿಂತುಬಿಟ್ಟಿತು. ರಾಯಚೂರಿನಿಂದ ಬಂದ ಮೆಕ್ಯಾನಿಕ್ ಹಿಂದಿನ ತಗಡು ಬಿಚ್ಚಿ, "ಬೋರ್ಡು ಹೋಗೇತ್ರಿ. ಮೋಟರ್ ಏನೂ ಆಗಿಲ್ಲ, ಗಟ್ಟಿ ಐತಿ" ಎಂದು ಹೇಳಿ ಚಹಾ ಕುಡಿದು ಹೋದ. ನಾನು ಪೇಚಾಡಿದೆ. ಅಮರಮ್ಮ ಪೇಚಾಡಲಿಲ್ಲ. ಅದರ ಗಾಜಿನ ಬಾಗಿಲಿಗೆ ದಪ್ಪ ರಬ್ಬರಿನ ಅಂಚಿದೆ, ಮುಚ್ಚಿದರೆ ಒಂದು ಇರುವೆಯೂ ಒಳಗೆ ಹೋಗುವುದಿಲ್ಲ ಎಂಬುದನ್ನು ಅವಳು ಗಮನಿಸಿದ್ದಳು. ಆ ಬೇಸಿಗೆಯಲ್ಲಿ ವರ್ಷದ ಶ್ಯಾವಿಗೆಯನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿ ಅದರೊಳಗೆ ಇಟ್ಟಳು. ಊಟಕ್ಕೆ ಬಂದ ನನ್ನ ಸಹೋದ್ಯೋಗಿಗಳು, ಬಟ್ಟೆ ಒಗೆಯುವ ಯಂತ್ರಕ್ಕೆ ಕೈ ಹಾಕಿ ಈಕೆ ಶ್ಯಾವಿಗೆ ತೆಗೆಯುವುದನ್ನು ಕಂಡು ದಂಗಾಗಿ ಕೂತದ್ದುಂಟು.

ಶ್ಯಾವಿಗೆಯ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಶ್ಯಾವಿಗೆ ಮಾಡಿ ಒಣಗಿಸಿಟ್ಟುಕೊಳ್ಳುವುದು ರೂಢಿ. ಹಬ್ಬಕ್ಕೆ ಅದೇ, ಬೀಗರು ಬಂದರೆ ಅದೇ, ಜ್ವರ ಬಿಟ್ಟು ಬಾಯಿ ಕೆಟ್ಟವರಿಗೂ ಅದೇ. ಅಮರಮ್ಮ ತನ್ನ ತವರು ಗುರುಗುಂಟಾದಿಂದ ತಂದ ಕಬ್ಬಿಣದ ಕೈಮಷೀನು ನಮ್ಮಲ್ಲಿತ್ತು. ಮೇಲಿನ ಬಾಯಿಗೆ ನಾದಿದ ಹಿಟ್ಟಿನ ಉಂಡೆ ಹಾಕಿ ಹಿಡಿಕೆ ತಿರುವಿದರೆ, ತೂತಿನ ಬಿಲ್ಲೆಯಿಂದ ಎಳೆಗಳು ಇಳಿಯುತ್ತವೆ. ಒಬ್ಬಳು ತಿರುವಬೇಕು, ಒಬ್ಬಳು ಉಂಡೆ ಹಾಕಬೇಕು, ಒಬ್ಬಳು ಎಳೆಗಳನ್ನು ಕೋಲಿನ ಮೇಲೆ ಹಿಡಿಯಬೇಕು, ಇನ್ನೊಬ್ಬಳು ಕೋಲನ್ನು ಬಿಸಿಲಿಗೆ ಒಯ್ಯಬೇಕು. ಹಿಡಿಕೆ ಎಷ್ಟು ಬಿಗಿ ಎಂದರೆ ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಗಲೇಬೇಕು. ಆದ್ದರಿಂದ ಈ ಕೆಲಸ ನಡೆಯುವುದು ಮುಯ್ಯಿಯ ಮೇಲೆ: ಇವತ್ತು ನನ್ನ ಮನೆಯದಕ್ಕೆ ನೀನು ಬಾ, ನಾಳೆ ನಿನ್ನದಕ್ಕೆ ನಾನು ಬರುತ್ತೇನೆ. ಮಷೀನು ನಮ್ಮದು, ಪಡಸಾಲೆಯೂ ದೊಡ್ಡದು ಎಂದು ಓಣಿಯ ಹನ್ನೆರಡೂ ಮನೆಯ ಶ್ಯಾವಿಗೆ ನಮ್ಮಲ್ಲೇ ಆಗುತ್ತಿತ್ತು. ಹದಿನೈದು ದಿನ ನಮ್ಮ ಮನೆ ನಮ್ಮದಾಗಿರುತ್ತಿರಲಿಲ್ಲ.

ಆ ಯಂತ್ರದಲ್ಲಿ ಶ್ಯಾವಿಗೆ ಇಟ್ಟ ವರ್ಷವೇ, ಮಳೆಗಾಲ ಮುಗಿಯುವ ಹೊತ್ತಿಗೆ ಅಮರಮ್ಮ ಹೋಗಿಬಿಟ್ಟಳು. ಮೂರು ದಿನದ ಜ್ವರ, ಅಷ್ಟೆ. ನಮಗೆ ಮಕ್ಕಳಿರಲಿಲ್ಲ. ಬಂದ ನೆಂಟರು ಕಾರ್ಯ ಮುಗಿಸಿಕೊಂಡು ಅವರವರ ಊರಿಗೆ ಹೋದರು. ಓಣಿಯ ಹೆಂಗಸರು ಒಂದು ತಿಂಗಳು ಪಾಳಿಯಲ್ಲಿ ರೊಟ್ಟಿ ಪಲ್ಯ ಕಳಿಸಿ, ನಾನು ಅನ್ನ ಮಾಡಿಕೊಳ್ಳಲು ಕಲಿತೆನೆಂದು ತಿಳಿದ ಮೇಲೆ ನಿಲ್ಲಿಸಿದರು. ಗಂಡಸೊಬ್ಬನೇ ಇರುವ ಮನೆಗೆ ಹೆಂಗಸರು ಸುಮ್ಮಸುಮ್ಮನೆ ಬರುವುದಿಲ್ಲ. ಇದು ಯಾರೂ ಮಾಡಿದ ಕಾನೂನಲ್ಲ, ಎಲ್ಲರೂ ಪಾಲಿಸುವ ಕಾನೂನು. ನಾನು ಶಾಲೆಯಿಂದ ಬಂದು ಬೀಗ ತೆಗೆಯುವುದು, ಬೆಳಿಗ್ಗೆ ಬೀಗ ಹಾಕುವುದು; ಇವೆರಡರ ನಡುವೆ ಆ ಮನೆಯಲ್ಲಿ ಒಂದು ಮಾತೂ ಹುಟ್ಟುತ್ತಿರಲಿಲ್ಲ. ವಾರಕ್ಕೊಮ್ಮೆ ಗಾಜಿನ ಬಾಗಿಲು ತೆರೆದು ಅವಳು ಮಾಡಿಟ್ಟ ಶ್ಯಾವಿಗೆ ಒಂದು ಹಿಡಿ ತೆಗೆದು ಬೇಯಿಸಿಕೊಳ್ಳುತ್ತಿದ್ದೆ. ಶಿವರಾತ್ರಿಯ ಹೊತ್ತಿಗೆ ಅದೂ ಮುಗಿಯಿತು. ಅಂದು ನನಗೆ ಅಳು ಬಂತು.

ಬೇಸಿಗೆ ಬಂತು. ಮೂರು ಮನೆ ಆಚೆಯ ಹಂಪಮ್ಮ ಹೊಸ್ತಿಲ ಹೊರಗೆ ನಿಂತು ಶ್ಯಾವಿಗೆ ಮಷೀನು ಕೇಳಿದಳು. ಹಂಪಮ್ಮ ನನಗಿಂತ ಐದಾರು ವರ್ಷ ದೊಡ್ಡವಳು, ಓಣಿಗೆಲ್ಲ ಹಿರಿಯಳು. ಇಬ್ಬರು ಹೆಂಗಸರು ಬಂದು ಮಷೀನನ್ನು ಎತ್ತಿಕೊಂಡು ಹೋದರು. ಹದಿನೈದು ದಿನ ಅವಳ ಮನೆಯ ಕಟ್ಟೆಯಿಂದ ಹಿಡಿಕೆಯ ಕಿರಕಿರ ಸದ್ದು, ಬೈಗುಳ, ನಗು ಎಲ್ಲ ನನ್ನ ಕೋಣೆಗೆ ಕೇಳಿಸುತ್ತಿತ್ತು. ಹದಿನಾರನೆಯ ದಿನ ಮಷೀನನ್ನು ತೊಳೆದು, ಒರೆಸಿ, ನನ್ನ ಪಾಲಿನ ಶ್ಯಾವಿಗೆಯ ಸಮೇತ ತಂದುಕೊಟ್ಟರು. ಅಷ್ಟು ಮರ್ಯಾದೆಯಿಂದ ನಡೆದುಕೊಂಡವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ನಾನು ಮಷೀನಿನ ಮೇಲೆ ಸಿಟ್ಟು ಮಾಡಿಕೊಂಡೆ. ಇಷ್ಟು ಸಲೀಸಾಗಿ ಎತ್ತಿಕೊಂಡು ಹೋಗುವಂತಿರುವುದೇ ಅದರ ತಪ್ಪು ಎಂದು ನನಗೆ ಅನ್ನಿಸಿತು.

ಹೀಗೆ ನನ್ನ ತಲೆಗೆ ಒಗೆಯುವ ಯಂತ್ರದ ಆ ಗಟ್ಟಿ ಮೋಟಾರು ಬಂತು. ಓಣಿಯಲ್ಲಿ ನಾನು ಹೇಳಿದ ಕಾರಣ ಬೇರೆ: ಪಾಪ, ಹೆಂಗಸರ ರಟ್ಟೆ ನೋಯುತ್ತದೆ, ಕರೆಂಟಿನಿಂದ ತಿರುಗುವ ಮಷೀನು ಮಾಡಿಕೊಡುತ್ತೇನೆ. ನಿಜವಾದ ಕಾರಣ ಇದು: ಮೋಟಾರು, ಚಕ್ರ, ಬೆಲ್ಟು ಎಲ್ಲ ಸೇರಿಸಿ ಮಷೀನನ್ನು ದಪ್ಪ ಹಲಗೆಗೆ ಬೋಲ್ಟು ಹಾಕಿ ಬಿಗಿದರೆ ಅದನ್ನು ಯಾರೂ ಎತ್ತಿಕೊಂಡು ಹೋಗಲಾಗುವುದಿಲ್ಲ. ಶ್ಯಾವಿಗೆ ಬೇಕಾದವರು ನಮ್ಮ ಪಡಸಾಲೆಗೇ ಬರಬೇಕು. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನಾನು ಹೂಡಿದ ಒಂದೇ ಸಂಚು ಇದು.

ಮೋಟಾರು ಹೊರಗೆ ತೆಗೆದಾಗ ಅದಕ್ಕೆ ಆರು ತಂತಿಗಳಿದ್ದವು. ಮನೆಯ ಫ್ಯಾನಿಗೆ ಎರಡು ತಂತಿ ಸಾಕಾದರೆ ಇದಕ್ಕೇಕೆ ಆರು? ಹಳೆಯ ಪಠ್ಯ ತಿರುವಿ, ಮೀಟರು ಹಿಡಿದು ನಾಲ್ಕು ದಿನ ಕೂತ ಮೇಲೆ ತಿಳಿಯಿತು. ನಾಲ್ಕು ತಂತಿ ಮೋಟಾರನ್ನು ತಿರುಗಿಸುವುದಕ್ಕೆ. ಉಳಿದೆರಡು, ತಾನು ಎಷ್ಟು ಜೋರಾಗಿ ತಿರುಗುತ್ತಿದ್ದೇನೆ ಎಂಬ ಸುದ್ದಿಯನ್ನು ಅದು ಬೋರ್ಡಿಗೆ ಮುಟ್ಟಿಸುವುದಕ್ಕೆ. ಒಗೆಯುವಾಗ ಮೆಲ್ಲಗೆ, ಹಿಂಡುವಾಗ ಜೋರಾಗಿ ತಿರುಗಬೇಕಲ್ಲ. ಬೋರ್ಡು ಆ ಸುದ್ದಿ ಕೇಳಿ, ಹೆಚ್ಚಾದರೆ ತಗ್ಗಿಸಿ, ಕಡಿಮೆಯಾದರೆ ಏರಿಸಿ, ಮೋಟಾರನ್ನು ಹದದಲ್ಲಿ ಇಡುತ್ತಿತ್ತು. ಈಗ ಬೋರ್ಡು ಸುಟ್ಟುಹೋಗಿದೆ. ಮೋಟಾರು ಮಾತ್ರ ತಿರುಗಿದಷ್ಟು ಹೊತ್ತೂ ಆ ಎರಡು ತಂತಿಯ ತುದಿಗೆ ಸುದ್ದಿ ಕಳಿಸುತ್ತಲೇ ಇರುತ್ತದೆ, ಕೇಳುವವರಿಲ್ಲ. ಸಾಯಂಕಾಲ ಶಾಲೆಯಿಂದ ಬಂದು, ಇವತ್ತು ಹೆಡ್ ಮಾಸ್ತರರು ಏನಂದರು ಗೊತ್ತೇ ಎಂದು ಖಾಲಿ ಅಡುಗೆಮನೆಯ ಕಡೆ ತಿರುಗಿ ಬಾಯಿ ತೆರೆದು ನಿಲ್ಲುತ್ತಿದ್ದ ಒಬ್ಬ ಮನುಷ್ಯನನ್ನು ನಾನು ಬಲ್ಲೆ.

ಕೇಳುವವರಿಲ್ಲದ ಮೋಟಾರು ಏನು ಮಾಡುತ್ತದೆ ಎಂಬುದನ್ನು ಮರುದಿನ ಕಂಡೆ. ತಂತಿಗಳನ್ನು ಸರಿಯಾಗಿಯೇ ಜೋಡಿಸಿ ನೇರ ಕರೆಂಟು ಕೊಟ್ಟೆ. ಅದು ಕಿರುಚುತ್ತ ವೇಗ ಏರಿಸಿಕೊಂಡು, ನೆಲದಿಂದ ಜಿಗಿದು, ಬಚ್ಚಲ ಬಾಗಿಲಿಗೆ ಬಡಿಯಿತು. ಓಮನ ನಿಯಮವನ್ನು ಮೂವತ್ತು ಬ್ಯಾಚಿಗೆ ಕಲಿಸಿದ ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಇದಕ್ಕೊಂದು ಕಂಟ್ರೋಲು ಬೇಕು ಎಂಬುದು ಅಲ್ಲಿಗೆ ಖಚಿತವಾಯಿತು. ಬುದ್ಧಿವಂತಿಕೆ ತೋರಿಸಿ ಫ್ಯಾನಿನ ರೆಗ್ಯುಲೇಟರು ಬಿಚ್ಚಿ ಇದಕ್ಕೆ ಹಾಕಿದೆ. ಎರಡನೆಯ ನಿಮಿಷಕ್ಕೆ ಅದರಿಂದ ಹೊಗೆ ಬಂತು. ಮೋಟಾರು ಉಳಿಯಿತು, ಫ್ಯಾನು ಆ ಬೇಸಿಗೆಯೆಲ್ಲ ಒಂದೇ ವೇಗದಲ್ಲಿ ತಿರುಗುವಂತಾಯಿತು.

ಆಮೇಲೆ ನಾನು ಶರಣಾದದ್ದು ಸತ್ಯಂ ಎಂಬವನಿಗೆ. ದಢೇಸುಗೂರಿನ ಕಡೆ ತೆಲುಗು ರೈತರು ನೆಲೆಸಿದ ಕ್ಯಾಂಪಿನಿಂದ ಬಂದು ನಮ್ಮ ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಅಂಗಡಿ ಇಟ್ಟಿದ್ದ. ಮುಕ್ಕುಂದದ ಗದ್ದೆಗಳಿಂದ ಸುಟ್ಟ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ ಅವನ ಬಾಗಿಲಿಗೆ ಬರುತ್ತಿದ್ದವು. ನನ್ನದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಇದೇಮಿ ಸಾರ್, ಪಂಪ್ ಅಲ್ಲ, ಗ್ರೈಂಡರ್ ಅಲ್ಲ?" ಎಂದ. ಕಥೆ ಕೇಳಿ, ಮೂಲೆಯಿಂದ ವಿದ್ಯುತ್ ಒಲೆಯ ಒಂದು ಹಳೆಯ ಕಾಯಿಲ್ ಹುಡುಕಿ ತೆಗೆದ. ಅದನ್ನು ಕರೆಂಟಿನ ದಾರಿಯಲ್ಲಿ ಸಿಕ್ಕಿಸಿದರೆ ಅರ್ಧ ಕರೆಂಟು ಅದೇ ತಿಂದುಹಾಕುತ್ತದೆ, ಉಳಿದದ್ದು ಮೋಟಾರಿಗೆ. ಹಾಗೇ ಆಯಿತು. ಒಗೆಯುವ ಯಂತ್ರದ ದೊಡ್ಡ ಚಕ್ರವನ್ನೇ ಶ್ಯಾವಿಗೆ ಮಷೀನಿಗೆ ಕೂರಿಸಿ, ಅದರ ಬೆಲ್ಟನ್ನೇ ಹಾಕಿ, ಎಲ್ಲವನ್ನೂ ಹಲಗೆಗೆ ಬಿಗಿದೆ. ಮುಂದಿನ ಬೇಸಿಗೆ ಬರುವ ಹೊತ್ತಿಗೆ ಅದು ಸಿದ್ಧವಾಗಿ, ನಾಲ್ಕಾಳು ಎತ್ತಿದರೂ ಏಳದಂತೆ ಪಡಸಾಲೆಯಲ್ಲಿ ಕೂತಿತ್ತು.

ಬಂದರು. ಪಡಸಾಲೆ ತುಂಬ ಬಂದರು. ಉಂಡೆ ಹಾಕುತ್ತಿದ್ದಂತೆಯೇ ಎಳೆಗಳು ಸುರಿಯತೊಡಗಿದಾಗ ಕೈ ತಟ್ಟಿ ನಕ್ಕರು. "ಮಾಸ್ತರ್ರೀ, ನಿಮ್ಮ ಕೈಗುಣ ಭಾರಿ ಐತ್ರೀ" ಎಂದು ಹಂಪಮ್ಮ ಹೊಗಳಿದಳು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಒಂದು ಮನೆಯದು ಒಂದು ಗಂಟೆಯೊಳಗೆ ಮುಗಿಯಿತು. ತಿರುವುವವರು ಬೇಕಿಲ್ಲ, ಕೈ ಬದಲಿಸುವವರು ಬೇಕಿಲ್ಲ. ಮನೆಗಿಬ್ಬರು ಬಂದರೆ ಧಾರಾಳವಾಯಿತು. ಹಿಟ್ಟು ತಂದರು, ನಿಂತರು, ಕೋಲು ತುಂಬಿಸಿಕೊಂಡು ಹೋದರು. ಎರಡು ಮುಂಜಾನೆಗೆ ಐದು ಮನೆಯ ಶ್ಯಾವಿಗೆ ಆಗಿಹೋಯಿತು, ಹತ್ತು ಗಂಟೆಯ ಹೊತ್ತಿಗೆ ಪಡಸಾಲೆ ಖಾಲಿ. ಹಿಟ್ಟಿನ ಗಿರಣಿಗೆ ಬಂದವರು ಗಿರಣಿಯವನ ಮನೆಯಲ್ಲಿ ಕೂತು ಹರಟೆ ಹೊಡೆಯುವುದಿಲ್ಲವಷ್ಟೆ. ನಾನು ಗಿರಣಿಯವನಾಗಿದ್ದೆ. ಜನ ಬರಲಿ ಎಂದು ಹಾಕಿದ ಮೋಟಾರು ಜನರನ್ನು ಬೇಗ ಕಳಿಸುವ ಮೋಟಾರಾಗಿತ್ತು.

ಉಳಿದ ಏಳು ಮನೆಯವರು ಗೋಧಿ ಹಸನು ಮಾಡಿಸಿಕೊಂಡು ಮುಂದಿನ ವಾರ ಬರುತ್ತೇವೆ ಎಂದಿದ್ದರು. ನನಗಿದ್ದದ್ದು ಆ ಒಂದು ವಾರ. ಅದು ಹೋದರೆ ಮತ್ತೆ ಒಂದು ವರ್ಷ ಆ ಮನೆಯಲ್ಲಿ ನಾನು ಮತ್ತು ನನ್ನ ಬೀಗದ ಕೈ. ಮೋಟಾರು ಇನ್ನೂ ನಿಧಾನವಾಗಬೇಕು, ಬೇಕೆಂದಾಗ ಬೇಕಾದಷ್ಟು ನಿಧಾನವಾಗಬೇಕು ಎಂದು ಸತ್ಯಂನ ಹತ್ತಿರ ಮತ್ತೆ ಓಡಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಅವನ ಬಳಿ ಬಂದವರೆಲ್ಲ ನೀರು ಜಾಸ್ತಿ ಎತ್ತಬೇಕು, ಜಲ್ದಿ ಎತ್ತಬೇಕು ಎನ್ನುವವರೇ.

ಯೋಚಿಸಿ ನೋಡಿದರೆ ಸಿಂಧನೂರಿನಲ್ಲಿ ಕಂಟ್ರೋಲಿಗೇನು ಕಡಿಮೆ? ಕಾಲುವೆಯ ನೀರಿಗೆ ಗೇಟಿದೆ, ಅದನ್ನು ಎತ್ತಿಳಿಸುವವನಿಗೆ ಮೇಲಿನವರಿದ್ದಾರೆ. ಕರೆಂಟು ಎಲ್ಲಿಯೋ ಕೂತ ಯಾರದೋ ಕೈಯಲ್ಲಿದೆ. ಬಸ್ಸಿಗೆ ಕಂಡಕ್ಟರನ ಸೀಟಿ, ನನ್ನ ಕ್ಲಾಸಿಗೆ ಶಾಲೆಯ ಗಂಟೆ. ಇವೆಲ್ಲ ಶುರು ಮಾಡುವುದಕ್ಕೆ, ಇಲ್ಲವೇ ನಿಲ್ಲಿಸುವುದಕ್ಕೆ ಇರುವಂಥವು. ನಡೆಯುತ್ತಿರುವುದು ಮೆಲ್ಲಗೆ ನಡೆಯಲಿ, ಬೇಗ ಮುಗಿಯದಿರಲಿ ಎನ್ನುವುದಕ್ಕೆ ಯಾರೂ ಒಂದು ಗುಂಡಿ ಮಾಡಿಟ್ಟಿಲ್ಲ. ಅಮರಮ್ಮ ಇದ್ದಾಗ ನನಗೂ ಅಂಥದ್ದು ಬೇಕೆನಿಸಿರಲಿಲ್ಲ ಬಿಡಿ.

ಲಿಂಗಸುಗೂರಿನಲ್ಲಿ ಕರೆಂಟಿನ ಹೊಲಿಗೆ ಮಷೀನು ಇಟ್ಟ ಟೇಲರೊಬ್ಬ ಇದ್ದಾನೆ, ಅದರ ಪೆಡಲು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಓಡುತ್ತದೆ ಎಂದು ಸತ್ಯಂ ಹೇಳಿದ. ಮೋಟಾರನ್ನು ಹಲಗೆಯಿಂದ ಬಿಚ್ಚಿ ಗೋಣಿಚೀಲದಲ್ಲಿ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಮಡಿಲಲ್ಲಿ ಮೋಟಾರು ಇಟ್ಟುಕೊಂಡು ಕೂತ ನನ್ನನ್ನು ಪಕ್ಕದ ರೈತ ಮಾತಿಗೆಳೆದ. ಯಾವೂರು, ಯಾವ ಪಂಪಿನದು, ಬೆಳೆ ಏನು ಎಂದೆಲ್ಲ ಕೇಳಿದ. ಶ್ಯಾವಿಗೆಯದು ಎನ್ನಲು ನಾಚಿಕೆಯಾಗಿ ಎರಡು ಎಕರೆ ಭತ್ತ ಎಂದುಬಿಟ್ಟೆ. ಅವನು ದಾರಿಯುದ್ದಕ್ಕೂ ನನ್ನ ಇಲ್ಲದ ಭತ್ತಕ್ಕೆ ಗೊಬ್ಬರದ ಸಲಹೆ ಕೊಟ್ಟ. ಬಹಳ ದಿನಗಳ ಮೇಲೆ ಒಬ್ಬರು ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದರು, ಇಳಿಯುವಾಗ ನನಗೆ ನಿಜವಾಗಿ ಬೇಜಾರಾಯಿತು.

ಟೇಲರ ಒಳ್ಳೆಯವನು. ತನ್ನ ಪೆಡಲನ್ನೇ ಬಿಚ್ಚಿ ನನ್ನ ಮೋಟಾರಿಗೆ ಹಚ್ಚಿ ತೋರಿಸಿದ. ಮೋಟಾರು ಹೇಳಿದ ಮಾತು ಕೇಳಿತು, ಪೆಡಲು ಕೇಳಲಿಲ್ಲ. ಐದು ನಿಮಿಷದಲ್ಲಿ ಪಾದ ಇಡಲಾಗದಷ್ಟು ಕಾದುಬಿಟ್ಟಿತು. ಅವನ ಹೊಟ್ಟೆಪಾಡಿನ ಪೆಡಲು ಅದು, ನಾನೇ ಅವಸರದಿಂದ ವೈರು ಕಿತ್ತೆ. ಅವನು ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಯೋಚಿಸಿ ಹೇಳಿದ: "ನಿಮಗ ಬೇಕಾದದ್ದು ಮಸ್ಕ್ಯಾಗ ಐತ್ರೀ ಸರ. ನಾಟಕಕ್ಕ ಲೈಟ್ ಹಾಕೋ ಯಮನಪ್ಪ ಅಂತ ಅದಾನ. ಅವನ ಕಡೆ ಗಡಿಗಿ ಐತಿ."

ಗಡಿಗೆ ಎಂದರೇನೆಂದು ಕೇಳುವಷ್ಟರಲ್ಲಿ ಬಸ್ಸು ಬಂತು. ಮಸ್ಕಿ ದಾರಿಯಲ್ಲೇ ಇರುವ ಊರು. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ ತನ್ನ ಮನಸ್ಸಿನ ಮಾತನ್ನು ಕೆತ್ತಿಸಿ ಹೋಗಿದ್ದಾನೆ, ನೋಡಲು ದೂರದೂರದಿಂದ ಜನ ಬರುತ್ತಾರೆ. ನಾನು ಆ ಗುಡ್ಡದ ಕೆಳಗೆ ಗೋಣಿಚೀಲ ಹೊತ್ತು ಗಡಿಗೆಯ ಮನೆ ಕೇಳುತ್ತ ಹೋದೆ. ಯಮನಪ್ಪ ಅರವತ್ತು ದಾಟಿದವ. ಅವನ ಗಡಿಗೆ ನಿಜವಾಗಿ ಗಡಿಗೆಯೇ: ಮಣ್ಣಿನದು, ಒಳಗೆ ಉಪ್ಪುನೀರು. ತಳದಲ್ಲೊಂದು ಲೋಹದ ತಟ್ಟೆ, ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ತಟ್ಟೆ. ಮೇಲಿನ ತಟ್ಟೆ ಕೆಳಗಿಳಿದಷ್ಟೂ ನೀರಿನ ಮೂಲಕ ಕರೆಂಟು ಹೆಚ್ಚು ಹರಿಯುತ್ತದೆ, ಮೇಲೆತ್ತಿದಷ್ಟೂ ಕಡಿಮೆ. ಹತ್ತನೆಯ ಕ್ಲಾಸಿಗೆ ನಾನು ವರ್ಷವರ್ಷವೂ ಪಾಠ ಮಾಡುವ ಸಂಗತಿ ಇದು. ಬಳಸುವವನೊಬ್ಬ ಮಸ್ಕಿಯಲ್ಲಿ ಇದ್ದಾನೆಂದು ತಿಳಿದಿರಲಿಲ್ಲ. ಈ ಗಡಿಗೆಯಿಂದ ಅವನು ನೂರಾರು ನಾಟಕಗಳಲ್ಲಿ ಸೂರ್ಯನನ್ನು ಹುಟ್ಟಿಸಿದ್ದ, ಮುಳುಗಿಸಿದ್ದ. ಈಗ ಗುಂಡಿ ತಿರುವುವ ಡಿಮ್ಮರು ಬಂದು ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಮೋಟಾರಿಗೆ ಏಕೆ ಎಂದು ಅವನು ಕೇಳಲೇ ಇಲ್ಲ. ಹಗ್ಗ ನನ್ನ ಕೈಗೆ ಕೊಟ್ಟು ಕಲಿಸಿದ.

"ಮೆಲ್ಲಕ ಬಿಡಬೇಕ್ರೀ. ಜಲ್ದಿ ಬಿಟ್ರ ಬೆಳಕು ಹರದಂಗ ಅನಸೂದಿಲ್ಲ, ಬಲ್ಬು ಹತ್ತಿದಂಗ ಅನಸ್ತೈತಿ."

ಒಂದು ಎಚ್ಚರಿಕೆಯನ್ನೂ ಹೇಳಿದ. ಆ ನೀರಿಗೆ ಕೈ ತಗುಲಿದರೆ ಮನುಷ್ಯ ಉಳಿಯುವುದಿಲ್ಲ. ಗಡಿಗೆಯ ಕೋಣೆಗೆ ಯಾರನ್ನೂ ಬಿಡಕೂಡದು. ನೀವೂ ದಯವಿಟ್ಟು ಇಂಥದ್ದಕ್ಕೆ ಕೈ ಹಾಕಬೇಡಿ. ಆಗ ನನ್ನ ಬುದ್ಧಿ ನೆಟ್ಟಗಿರಲಿಲ್ಲ ಎಂದು ತಿಳಿಯಿರಿ. ಗಡಿಗೆಯನ್ನು ಅವನು ಎರವಲು ಕೊಟ್ಟ. ಮನೆಗೆ ಬಂದು ಮೋಟಾರನ್ನು ಮತ್ತೆ ಹಲಗೆಗೆ ಬಿಗಿದು, ಗಡಿಗೆಯನ್ನು ಪಡಸಾಲೆಗೆ ಹೊಂದಿದ ಒಳಕೋಣೆಯಲ್ಲಿಟ್ಟು, ವೈರನ್ನು ಕಿಟಕಿಯಿಂದ ಹೊರಗೆ ಬಿಟ್ಟು, ಒಣ ಮರದ ಕುರ್ಚಿಯ ಮೇಲೆ ಹಗ್ಗ ಹಿಡಿದು ಕೂತು ಪರೀಕ್ಷೆ ಮಾಡಿದೆ. ಮಷೀನಿನ ಚಕ್ರ ಅರೆನಿದ್ದೆಯಲ್ಲಿದ್ದಂತೆ ತಿರುಗಿತು. ಅಷ್ಟು ಚಂದದ ನಿಧಾನವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಏಳು ಮನೆಯವರು ಬಂದರು, ಅವರಿಗೆ ಕೈ ಹಚ್ಚಲು ಹಂಪಮ್ಮನೂ ಬಂದಳು. ಬಿಸಿಲ ದಿನ, ಅವರಿಗೆ ಸೆಕೆಯಾಗಬಾರದೆಂದು ಪಡಸಾಲೆಯ ಫ್ಯಾನು ಹಾಕಿದೆ. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ಹಗ್ಗ ಹಿಡಿದೆ. ಎಳೆಗಳು ಒಂದೊಂದಾಗಿ, ಯೋಚಿಸಿಕೊಂಡು ಇಳಿಯತೊಡಗಿದವು. "ಹೋದ ವಾರ ಬಿರುಸಿತ್ತಲ್ರೀ ಮಾಸ್ತರ್ರೀ?" ಎಂದು ಯಾರೋ ಕೂಗಿದರು. "ವೋಲ್ಟೇಜು ಇಲ್ಲ!" ಎಂದು ನಾನು ಒಳಗಿನಿಂದಲೇ ಕೂಗಿದೆ. ಸಿಂಧನೂರಿನಲ್ಲಿ ವೋಲ್ಟೇಜು ಇಲ್ಲ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಕಾಯುವುದಕ್ಕೆ ನಿಂತವರು ಕಾಲು ಸೋತು ಕೂತರು. ಮಾತು ಹುಟ್ಟಿತು. ಯಾರದೋ ಸೊಸೆಯ ಬಸಿರು, ಯಾರದೋ ಎಮ್ಮೆಯ ತಂಟೆ, ನಡುವೆ ಒಮ್ಮೆ ಅಮರಮ್ಮನ ಹೆಸರು, ಅವಳು ಯಾವಾಗಲೋ ಹೇಳಿದ ಒಂದು ಚೇಷ್ಟೆಯ ಮಾತು, ಎಲ್ಲರ ನಗು. ಆ ಮಾತನ್ನು ಅವಳು ನನಗೆ ಹೇಳಿರಲೇ ಇಲ್ಲ. ಒಳಗೆ ನಾನು ಉಪ್ಪು ನೀರಿನ ಮುಂದೆ ಒಬ್ಬನೇ ಕೂತು, ಹಗ್ಗವನ್ನು ಇನ್ನಷ್ಟು ಮೇಲೆಳೆದೆ. ಜನ ಬೇಕೆಂದು ಇಷ್ಟೆಲ್ಲ ಮಾಡಿ, ಜನ ಬಂದಾಗ ಬಾಗಿಲು ಹಾಕಿಕೊಂಡು ಕೂರಬೇಕಾಗಿತ್ತು. ಆದರೂ ಅಂದು ನನಗೆ ಅಷ್ಟೇ ಸಾಕೆನಿಸಿತ್ತು.

ಬಾಗಿಲು ಕಿರ್ ಎಂದಿತು. ನೀರು ಕೇಳಲು ಬಂದ ಹಂಪಮ್ಮ ಒಳಗೆ ಇಣುಕಿದಳು.

"ಏನ್ರೀ ಮಾಸ್ತರ್ರೀ ಇದು, ಉಪ್ಪಿನಕಾಯಿ ಹಾಕೀರೇನು?"

ಒಳಗೆ ಕಾಲಿಡಬೇಡ ಎಂದು ನಾನು ಹೌಹಾರಿ ಕೂಗಿದೆ. ಅವಳು ಹೊಸ್ತಿಲಲ್ಲೇ ನಿಂತು ಗಡಿಗೆ ನೋಡಿದಳು, ಹಗ್ಗ ನೋಡಿದಳು, ಕಿಟಕಿಯಿಂದ ಹೊರಗೆ ಹೋದ ವೈರು ನೋಡಿದಳು. ಆಮೇಲೆ ತಲೆಯೆತ್ತಿ ಪಡಸಾಲೆಯ ಸೂರು ನೋಡಿದಳು. "ವೋಲ್ಟೇಜು ಇಲ್ಲ ಅಂದ್ರಿ. ಫ್ಯಾನು ನೋಡಿದ್ರ ಜೋರ ತಿರಗಾಕತ್ತೈತಲ್ರೀ?"

ನಾನು ಸಿಕ್ಕಿಬಿದ್ದೆ. ಪರೀಕ್ಷೆಯಲ್ಲಿ ಚೀಟಿ ಹಿಡಿದು ಸಿಕ್ಕಿಬಿದ್ದ ಎಷ್ಟು ಹುಡುಗರನ್ನು ನಾನು ಎಬ್ಬಿಸಿ ನಿಲ್ಲಿಸಿದ್ದೇನೋ, ಆಗ ಅವರು ಏಕೆ ಬಾಯಿ ಬಿಡುತ್ತಿರಲಿಲ್ಲ ಎಂಬುದು ಅಂದು ತಿಳಿಯಿತು. ಬೇಕೆಂದೇ ಮೆಲ್ಲಗೆ ಮಾಡಿದ್ದೇನೆ ಎಂದೆ. ಯಾಕೆ ಎಂದಳು. ಹಂಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳೂ ಹತ್ತು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು. ಮುಂದೆ ಮಾತಾಡುವಾಗ ಅವಳ ಬಾಯಲ್ಲಿ ಮಾಸ್ತರ್ರೀ ಇರಲಿಲ್ಲ.

"ತಮ್ಮಾ, ಹ್ವಾದ ವಾರ ನಾವು ಬಂದು ನಿಂತ ನಿಂತ್ವಿ. ಕುಂದರ್ರಿ ಅಂತ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಗದ್ದಲ ಅಂದ್ರ ನಿನಗ ಆಗೂದಿಲ್ಲಂತ ಅಮರಮ್ಮ ಹೇಳತಿದ್ಲು. ತ್ರಾಸ ಯಾಕ ಕೊಡೂದು ಅಂತ ಜಲ್ದಿ ಮುಗಿಸಿ ಹ್ವಾದ್ವಿ. ಕುಂದರ್ರಿ ಅಂದಿದ್ರ ಕುಂದರತಿದ್ವೆಲ್ಲೋ."

ಅಮರಮ್ಮ ಹೇಳಿದ್ದು ನಿಜ. ಆ ಹದಿನೈದು ದಿನ ನಾನು ಮುಖ ಗಂಟು ಹಾಕಿಕೊಂಡೇ ಓಡಾಡುತ್ತಿದ್ದೆ. ಬಂದವರನ್ನು ಕೂರಿಸುವುದು, ನೀರು ಕೊಡುವುದು, ಇನ್ನೊಂದು ಗಳಿಗೆ ಇರಿ ಎನ್ನುವುದು ಎಲ್ಲ ಅವಳ ಪಾಲಿನ ಕೆಲಸವಾಗಿತ್ತು. ಅದು ಒಂದು ಕೆಲಸ ಎಂದೇ ನನಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಅನ್ನ ಮಾಡುವುದನ್ನು ಕಲಿತೆ, ಬಟ್ಟೆ ಹಿಂಡುವುದನ್ನು ಕಲಿತೆ. ಇದನ್ನು ಕಲಿಯದೆ ಎರಡು ಊರು ಸುತ್ತಿ ಬಂದಿದ್ದೆ. ಮೂವತ್ತು ವರ್ಷ ದಿನಕ್ಕೆ ಆರು ಸಲ ಮಕ್ಕಳಿಗೆ ಕೂತುಕೊಳ್ಳಿ ಎಂದವನಿಗೆ, ಮನೆಗೆ ಬಂದ ನಾಲ್ಕು ಜನಕ್ಕೆ ಅದೇ ಮಾತು ಹೇಳಲು ಬಂದಿರಲಿಲ್ಲ.

ಹಗ್ಗವನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿ, ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಪಡಸಾಲೆಗೆ ಬಂದೆ. ಎಲ್ಲರೂ ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, "ಕುಂದರ್ರಿ" ಎಂದೆ.

"ಕುಂತೇವಲ್ರೀ!" ಎಂದು ಏಳೆಂಟು ಜನ ಒಟ್ಟಿಗೆ ನಕ್ಕುಬಿಟ್ಟರು. ಹಂಪಮ್ಮ ನಗಲಿಲ್ಲ. ನೆಲದ ಮೇಲೆ ತನ್ನ ಪಕ್ಕದ ಜಾಗವನ್ನು ಸೆರಗಿನಿಂದ ಒಮ್ಮೆ ಝಾಡಿಸಿ, "ಇನ್ನ ನೀನೂ ಕುಂದ್ರು" ಎಂದು ಒಂದು ಕೋಲನ್ನು ನನ್ನ ಕೈಗೆ ಕೊಟ್ಟಳು. ಎಳೆ ಹಿಡಿಯಲು ನನಗೆ ಬರಲಿಲ್ಲ. ಹಿಡಿದದ್ದೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಅದನ್ನು ನೋಡಿ ಮತ್ತೆ ನಕ್ಕರು, ಬೈದರು, ಕೈ ಹಿಡಿದು ತಿದ್ದಿದರು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಮಷೀನು ನಿಂತಿತು. ಯಾರೂ ಏಳಲಿಲ್ಲ.